ಬೆಂಕಿ ಬಿದ್ದಾಗ ಮೊದಲು ಉಳಿಸಬೇಕಾದದ್ದು: ಚೀನಾದ ವಂಶಭವನಗಳ ವಾಸ್ತುವನ್ನು ಓದುವ ಬಗೆ

ಹನ್ನೆರಡನೆಯ ಶತಮಾನದ ಚೀನೀ ತತ್ತ್ವಚಿಂತಕ ಝು ಶಿಯ (1130–1200) ಹೆಸರಿನಲ್ಲಿ ಪ್ರಚಲಿತವಾದ ‘ಜಿಯಾಲಿ’, ಅಂದರೆ ‘ಗೃಹವಿಧಿ’ ಎಂಬ ಗ್ರಂಥ ಆರಂಭವಾಗುವುದೇ ಪೂರ್ವಜರ ಭವನದ ಪ್ರಸ್ತಾಪದಿಂದ. ಮನೆ ಕಟ್ಟುವವನು ಮೊದಲು ಮುಖ್ಯಗೃಹದ ಪೂರ್ವಕ್ಕೆ ಪೂರ್ವಜರಿಗೊಂದು ಭವನವನ್ನು ಕಟ್ಟಬೇಕೆಂದು ಆ ಗ್ರಂಥ ವಿಧಿಸುತ್ತದೆ. ಅದರಲ್ಲಿಯೇ ಇನ್ನೊಂದು ಸೂಚನೆಯಿದೆ. ಬೆಂಕಿ, ನೆರೆ ಅಥವಾ ಕಳ್ಳಕಾಕರ ಹಾವಳಿ ಒದಗಿದರೆ ಮೊದಲು ರಕ್ಷಿಸಬೇಕಾದದ್ದು ಈ ಭವನವನ್ನು, ಅದರಲ್ಲಿಯೂ ಮೊದಲು ಹೊರಗೆ ಸಾಗಿಸಬೇಕಾದದ್ದು ಪೂರ್ವಜರ ಹೆಸರು ಬರೆದ ಮರದ ಫಲಕಗಳನ್ನು ಮತ್ತು ಅವರು ಬಿಟ್ಟುಹೋದ ಬರಹಗಳನ್ನು, ಆಮೇಲೆ ಪೂಜಾಪಾತ್ರೆಗಳು, ಮನೆಯ ಸಂಪತ್ತು ಕಟ್ಟಕಡೆಗೆ. ತೊಲೆ, ಕಂಬ, ಕೆತ್ತನೆಗಳ ಮಾತು ಈ ಕ್ರಮದಲ್ಲಿ ಎಲ್ಲಿಯೂ ಬರುವುದಿಲ್ಲ.

ಇಂದು ಅನ್‌ಹುಯಿ, ಗುವಾಂಗ್‌ಡಾಂಗ್, ಫುಜಿಯಾನ್ ಪ್ರಾಂತ್ಯಗಳ ಹಳ್ಳಿಗಳಲ್ಲಿ ಪ್ರವಾಸಿಗಳು ಕಾಣುವ ಅನೇಕ ಭವನಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ತೊಲೆಗಳು ಉಳಿದಿವೆ, ಕಂಬಗಳು ಉಳಿದಿವೆ, ಕೆತ್ತನೆಗಳ ಮೇಲೆ ದೀಪದ ಬೆಳಕು ಬಿದ್ದಿದೆ. ಹಿಂಬದಿಯ ಗೂಡುಗಳಲ್ಲಿ ಇರಬೇಕಾಗಿದ್ದ ಫಲಕಗಳು ಮಾತ್ರ ಇಲ್ಲ. ಇದನ್ನು ಕೇವಲ ಇತಿಹಾಸದ ವ್ಯಂಗ್ಯವೆಂದು ಬಿಟ್ಟುಬಿಡುವಂತಿಲ್ಲ. ಯಾವುದು ಸ್ಮಾರಕ, ಯಾವುದು ದಾಖಲೆ, ಯಾವುದನ್ನು ಉಳಿಸಿದರೆ ಉಳಿಸಿದಂತೆ ಎಂಬ ಪ್ರಶ್ನೆ ಇಲ್ಲಿದೆ. ವಂಶಭವನವನ್ನು ಕಲಾಕೃತಿಯೆಂದು ನೋಡುವ ಮೊದಲು ಬರಹವೆಂದು ಓದಬೇಕು. ಅಲಂಕಾರಕ್ಕಿಂತ ಮೊದಲು ಅದರ ನೆಲನಕ್ಷೆಯನ್ನು ಓದಬೇಕು. ಮತ್ತು ಅಲ್ಲಿ ಬರೆದಿರುವ ಹೆಸರುಗಳೊಂದಿಗೆ ಬರೆಯದೆ ಬಿಟ್ಟ ಹೆಸರುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಾಗೆ ಓದದಿದ್ದರೆ ಉಳಿಯುವುದು ಮರವೇ ಹೊರತು ಭವನವಲ್ಲ.

ಹೆಸರಿನ ಪ್ರಶ್ನೆ

ಚೀನೀ ಭಾಷೆಯಲ್ಲಿ ಈ ಕಟ್ಟಡಕ್ಕೆ ‘ತ್ಸ್‌ಥಾಂಗ್’ ಎಂದು ಹೆಸರು. ಮೊದಲ ಪದ ಅರ್ಪಣೆಯನ್ನೂ ಎರಡನೆಯದು ಹಜಾರವನ್ನೂ ಸೂಚಿಸುತ್ತದೆ. ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬರುವಾಗ ಇದು ‘ಪೂರ್ವಜರ ದೇವಾಲಯ’ ಆಗಿಬಿಡುವ ಸಂಭವ ಹೆಚ್ಚು. ಈ ಅನುವಾದ ಅರ್ಧ ದಾರಿಯಲ್ಲೇ ಓದುಗನನ್ನು ತಪ್ಪಿಸುತ್ತದೆ. ದೇವಾಲಯವೆಂದೊಡನೆ ಕನ್ನಡದ ಓದುಗ ಗರ್ಭಗೃಹ, ಮೂರ್ತಿ, ಅರ್ಚಕ, ಭಕ್ತ ಎಂಬ ಸರಣಿಯನ್ನು ನಿರೀಕ್ಷಿಸುತ್ತಾನೆ. ಸಾಂಪ್ರದಾಯಿಕ ವಂಶಭವನದ ಕೇಂದ್ರದಲ್ಲಿ ಮೂರ್ತಿಯಿಲ್ಲ, ಹೆಸರಿದೆ. ಅರ್ಚಕ ವರ್ಗವಿಲ್ಲ, ವಂಶದ ಹಿರಿಯರೇ ವಿಧಿಯನ್ನು ನಡೆಸುತ್ತಾರೆ. ಭಕ್ತರಿಲ್ಲ, ವಾರಸುದಾರರಿದ್ದಾರೆ.

ಈ ಭೇದ ಕೇವಲ ಪಾರಿಭಾಷಿಕವಾದುದಲ್ಲ ಎಂಬುದಕ್ಕೆ ಇತಿಹಾಸದಲ್ಲಿಯೇ ದೊಡ್ಡ ಸಾಕ್ಷ್ಯವಿದೆ. ಚೀನಾದಲ್ಲಿದ್ದ ಕ್ರೈಸ್ತ ಧರ್ಮಪ್ರಚಾರಕರ ನಡುವೆ ಹದಿನೇಳನೆಯ ಶತಮಾನದಲ್ಲಿ ಎದ್ದ ವಾದ ಇದನ್ನೇ ಕುರಿತದ್ದು: ಫಲಕದ ಮುಂದೆ ಬಾಗುವುದು ಪೂಜೆಯೋ, ಲೌಕಿಕ ಗೌರವವೋ? ಗೌರವವೆಂದು ಜೆಸ್ವಿಟರು ವಾದಿಸಿದರು. 1715ರಲ್ಲಿ ಪೋಪ್ ಹನ್ನೊಂದನೆಯ ಕ್ಲೆಮೆಂಟ್ ಅದನ್ನು ನಿಷೇಧಿಸಿದರು. 1721ರಲ್ಲಿ ಕಾಂಗ್‌ಶಿ ಚಕ್ರವರ್ತಿ ಧರ್ಮಪ್ರಚಾರಕ್ಕೇ ತಡೆಯೊಡ್ಡಿದನು. ರೋಮ್ ತನ್ನ ನಿಲುವನ್ನು ಸಡಿಲಿಸಲು 1939ರವರೆಗೆ ಕಾಯಬೇಕಾಯಿತು. ಒಂದು ಫಲಕವನ್ನು ಏನೆಂದು ಕರೆಯಬೇಕೆಂಬ ವಿಷಯದಲ್ಲಿ ಎರಡು ಶತಮಾನಗಳಷ್ಟು ಕಾಲ ಜಗಳ ನಡೆದಿರುವಾಗ, ಅದನ್ನು ಇರಿಸುವ ಕಟ್ಟಡಕ್ಕೆ ಕೈಗೆ ಸಿಕ್ಕ ಪದವನ್ನು ಬಳಸುವುದು ವಿದ್ವತ್ತಿಗೆ ತಕ್ಕುದಲ್ಲ. ‘ವಂಶಭವನ’ವೆಂಬ ಪದ ಪರಿಪೂರ್ಣವಲ್ಲದಿದ್ದರೂ ಓದುಗನನ್ನು ಬೇರೆ ಗುಡಿಯ ಬಾಗಿಲಿಗೆ ಒಯ್ದು ನಿಲ್ಲಿಸುವುದಿಲ್ಲ.

ಅನುಮತಿಯಿಂದ ಹುಟ್ಟಿದ ವಾಸ್ತು

ವಂಶಭವನವನ್ನು ಅನಾದಿಯೆಂದು ಭಾವಿಸುವುದು ಇನ್ನೊಂದು ಸಾಮಾನ್ಯ ತಪ್ಪು. ‘ಲಿಜಿ’ ಎಂಬ ಪ್ರಾಚೀನ ವಿಧಿಗ್ರಂಥದ ಪ್ರಕಾರ ಪೂರ್ವಜರಿಗೆ ಪ್ರತ್ಯೇಕ ಭವನ ಕಟ್ಟುವ ಅಧಿಕಾರ ಅಂತಸ್ತಿಗೆ ತಕ್ಕಂತೆ ಹಂಚಿಕೆಯಾಗಿತ್ತು. ಚಕ್ರವರ್ತಿಗೆ ಏಳು, ಸಾಮಂತರಿಗೆ ಐದು, ಉನ್ನತ ಅಧಿಕಾರಿಗೆ ಮೂರು, ಕೆಳಹಂತದ ಅಧಿಕಾರಿಗೆ ಒಂದು. ಸಾಮಾನ್ಯರಿಗೆ ಒಂದೂ ಇಲ್ಲ. ಅವರು ವಾಸದ ಕೋಣೆಯಲ್ಲಿಯೇ ಅರ್ಪಣೆ ಮಾಡಬೇಕಿತ್ತು. ಅಂದರೆ ಎಷ್ಟು ತಲೆಮಾರುಗಳ ಹಿಂದಿನವರನ್ನು ಬಹಿರಂಗವಾಗಿ ನೆನೆಯಬಹುದು ಎಂಬುದೇ ಒಂದು ರಾಜಕೀಯ ಹಕ್ಕಾಗಿತ್ತು.

ಝು ಶಿಯ ಗ್ರಂಥ ಈ ಗೋಡೆಯಲ್ಲಿ ಒಂದು ಕಿಂಡಿಯನ್ನು ತೆರೆಯಿತು. ಅವನ ವಿಧಿಯಲ್ಲಿ ನಾಲ್ಕು ಗೂಡುಗಳಿವೆ: ತಂದೆ, ಅಜ್ಜ, ಮುತ್ತಜ್ಜ ಮತ್ತು ಅವನ ತಂದೆ. ಐದನೆಯ ತಲೆಮಾರಿಗೆ ಸರಿದ ಪೂರ್ವಜನ ಫಲಕ ಗೂಡಿನಿಂದ ಹೊರಬರಬೇಕು. ಅದು ಮನೆಯೊಂದರ ಪರಿಮಿತ ಸ್ಮೃತಿ. ಸಾವಿರಾರು ಜನರು ತಾವೆಲ್ಲ ಒಂದೇ ಮೂಲದವರೆಂದು ಹೇಳಿಕೊಳ್ಳುವುದಕ್ಕೆ ನಾಲ್ಕು ತಲೆಮಾರು ಸಾಲದು, ಮೂಲಪುರುಷನೇ ಬೇಕು. ಆ ದಾರಿ ತೆರೆದದ್ದು ಮಿಂಗ್ ರಾಜವಂಶದ ಜಿಯಾಜಿಂಗ್ ಚಕ್ರವರ್ತಿಯ ಕಾಲದಲ್ಲಿ. ಈ ಚಕ್ರವರ್ತಿ ತಾನು ಉತ್ತರಾಧಿಕಾರಿಯಾಗಿ ಬಂದ ಶಾಖೆಯನ್ನು ಬಿಟ್ಟು ಸ್ವಂತ ತಂದೆಗೆ ರಾಜಗೌರವ ಸಲ್ಲಿಸಬೇಕೆಂದು ಹಟ ಹಿಡಿದು, ಆಸ್ಥಾನದೊಡನೆ ವರ್ಷಗಟ್ಟಲೆ ಸೆಣಸಿದವನು. 1536ರಲ್ಲಿ ಮಂತ್ರಿ ಶಿಯಾ ಯಾನ್ ಸಲ್ಲಿಸಿದ ಬಿನ್ನಹದ ಫಲವಾಗಿ ಸಾಮಾನ್ಯ ಕುಟುಂಬಗಳೂ ಮೂಲಪುರುಷನಿಗೆ ಅರ್ಪಣೆ ಸಲ್ಲಿಸುವುದಕ್ಕೆ ಅವಕಾಶ ದೊರೆಯಿತು. ಅಲ್ಲಿಂದ ಮುಂದೆ ದಕ್ಷಿಣ ಚೀನಾದಲ್ಲಿ ವಂಶಭವನಗಳ ನಿರ್ಮಾಣ ಭರದಿಂದ ಸಾಗಿತು. ಅರಮನೆಯ ತಂದೆ-ಮಗನ ಪ್ರಶ್ನೆ ಹಳ್ಳಿಯ ವಾಸ್ತುವನ್ನು ಬದಲಿಸಿದ ಅಪರೂಪದ ಪ್ರಸಂಗವಿದು.

ಅನುಮತಿ ಸಿಕ್ಕರೂ ಮಿತಿಗಳು ಹೋಗಲಿಲ್ಲ. ಮಿಂಗ್ ಕಾಲದ ಕಟ್ಟಳೆಯಂತೆ ಸಾಮಾನ್ಯರ ಮನೆ ಮೂರು ಅಂಕಣವನ್ನು ಮೀರುವಂತಿರಲಿಲ್ಲ. ಅಡಕುಬೋದಿಗೆಗಳನ್ನಾಗಲಿ ಬಣ್ಣದ ಅಲಂಕಾರವನ್ನಾಗಲಿ ಬಳಸುವಂತಿರಲಿಲ್ಲ. ಈ ಮಿತಿಗೆ ವಾಸ್ತುಶಿಲ್ಪಿಗಳು ಕೊಟ್ಟ ಉತ್ತರವನ್ನು ಅನ್‌ಹುಯಿ ಪ್ರಾಂತ್ಯದ ಚೆಂಗ್‌ಕಾನ್ ಗ್ರಾಮದ ಲುವೊ ವಂಶಭವನದಲ್ಲಿ ನೋಡಬಹುದು. ಜಿಯಾಜಿಂಗ್ ಕಾಲದಲ್ಲಿ ಆರಂಭವಾಗಿ ನಡುವೆ ನಿಂತು, ವಾನ್‌ಲಿ ಚಕ್ರವರ್ತಿಯ ಕಾಲದಲ್ಲಿ ಮುಗಿದ ಈ ಭವನದ ಹಿಂಬದಿಯ ಕಟ್ಟಡ ‘ಬಾವೊಲುನ್ ಗ’ ಎಂದು ಪ್ರಸಿದ್ಧ. ಒಟ್ಟು ಹನ್ನೊಂದು ಅಂಕಣಗಳ ಈ ಕಟ್ಟಡವನ್ನು ಬಿಡಿಸಿ ಎಣಿಸಿದರೆ ಮೂರು ಮೂರು ಅಂಕಣಗಳ ಮೂರು ಘಟಕಗಳು, ಎರಡು ತುದಿಗಳಲ್ಲಿ ಮೆಟ್ಟಿಲಿನ ಎರಡು ಅಂಕಣಗಳು. ಕಣ್ಣಿಗೆ ಕಾಣುವುದು ಅರಮನೆಯ ಅಗಲ. ಲೆಕ್ಕಕ್ಕೆ ಸಿಗುವುದು ಮೂರರ ಮಿತಿ. ಮೇಲಂತಸ್ತು ಚಕ್ರವರ್ತಿಯಿಂದ ಬಂದ ಶಾಸನಪತ್ರಗಳನ್ನು ಇರಿಸುವುದಕ್ಕೆ ಮೀಸಲು. ರಾಜಾಜ್ಞೆಯನ್ನು ತಲೆಯ ಮೇಲಿಟ್ಟುಕೊಂಡೇ ರಾಜಾಜ್ಞೆಯ ಅಂಚನ್ನು ಹಿಗ್ಗಿಸಿದ ಈ ಕಟ್ಟಡ, ಸೌಂದರ್ಯದ ಜೊತೆಗೆ ಜಾಣ್ಮೆಯ ದಾಖಲೆಯೂ ಆಗಿದೆ. ಕೆತ್ತನೆಯನ್ನಷ್ಟೇ ವರ್ಣಿಸುವ ಲೇಖನಗಳಲ್ಲಿ ಈ ಸಂಗತಿಗೆ ಜಾಗವೇ ಸಿಗುವುದಿಲ್ಲ.

ನೆಲನಕ್ಷೆಯ ವ್ಯಾಕರಣ

ಸಾಮಾನ್ಯವಾಗಿ ದೊಡ್ಡ ವಂಶಭವನದಲ್ಲಿ ಒಂದೇ ನೇರದಲ್ಲಿ ಮೂರು ಕಟ್ಟಡಗಳಿರುತ್ತವೆ. ಮುಂದೆ ಬಾಗಿಲಭವನ, ನಡುವೆ ಅರ್ಪಣಭವನ, ಹಿಂದೆ ಫಲಕಗಳಿರುವ ವಿಶ್ರಾಂತಿಭವನ. ಇವುಗಳ ನಡುವೆ ಎರಡು ತೆರೆದ ತೊಟ್ಟಿಗಳು. ಹಾಂಗ್‌ಕಾಂಗ್‌ನ ಪಿಂಗ್ ಶಾನ್‌ನಲ್ಲಿರುವ ತಾಂಗ್ ವಂಶಭವನ ಇದೇ ಮೂರು ಭವನ, ಎರಡು ತೊಟ್ಟಿಗಳ ಮಾದರಿಯದು. ಅಲ್ಲಿ ಇಂದಿಗೂ ವಂಶದವರು ಹಬ್ಬಗಳಿಗೆ, ವಿಧಿಗಳಿಗೆ, ಸಭೆಗಳಿಗೆ ಸೇರುತ್ತಾರೆ. ಅನೇಕ ಭವನಗಳಲ್ಲಿ ಮುಂದಿನಿಂದ ಹಿಂದಕ್ಕೆ ನೆಲ ಹಂತಹಂತವಾಗಿ ಏರುತ್ತದೆ. ಒಳಗೆ ಹೋದಂತೆ ಮೇಲೇರುವುದು, ಮೇಲೇರಿದಂತೆ ಕಾಲದಲ್ಲಿ ಹಿಂದೆ ಸರಿಯುವುದು: ಬಾಗಿಲಲ್ಲಿ ಇಂದಿನವರು, ನಡುವೆ ಇಂದಿನವರು ಮತ್ತು ಅಂದಿನವರ ಭೇಟಿ, ತುದಿಯಲ್ಲಿ ಅಂದಿನವರು. ವಂಶಾವಳಿಯನ್ನು ಕಾಗದದ ಮೇಲೆ ಮೇಲಿನಿಂದ ಕೆಳಕ್ಕೆ ಬರೆಯುತ್ತಾರೆ. ಇಲ್ಲಿ ಅದನ್ನು ನೆಲದ ಮೇಲೆ ಹಿಂದಿನಿಂದ ಮುಂದಕ್ಕೆ ಹಾಸಿದ್ದಾರೆ.

ತೊಟ್ಟಿಗೆ ಚೀನೀ ಭಾಷೆಯಲ್ಲಿ ‘ಆಕಾಶದ ಬಾವಿ’ ಎಂಬರ್ಥದ ಹೆಸರಿದೆ. ನಾಲ್ಕು ಕಡೆಯ ಮಾಡುಗಳೂ ಒಳಕ್ಕೆ ಇಳಿಜಾರಾಗಿ, ಮಳೆನೀರೆಲ್ಲ ತೊಟ್ಟಿಗೇ ಬೀಳುವಂತೆ ಕಟ್ಟುವುದು ಅನ್‌ಹುಯಿಯ ದಕ್ಷಿಣ ಭಾಗದ, ಹಳೆಯ ಹುಯಿಝೋ ಸೀಮೆಯ ರೂಢಿ. ನಾಲ್ಕು ದಿಕ್ಕಿನ ನೀರು ಮನೆಗೇ ಬರಲಿ ಎಂಬ ಆಶಯ ಅದರ ಹಿಂದಿದೆ. ಹುಯಿಝೋದ ಪ್ರಸಿದ್ಧ ಉಪ್ಪಿನ ವ್ಯಾಪಾರಿಗಳು ಊರು ಬಿಟ್ಟು ದೂರ ದೂರ ಹೋಗಿ ಗಳಿಸಿದವರು; ಗಳಿಸಿದ್ದನ್ನು ಊರಿನ ವಂಶಭವನಗಳಿಗೆ ಸುರಿದವರು. ಹೊರಗೆ ಹರಿದುಹೋಗುವ ನೀರು ಅವರಿಗೆ ಕೇವಲ ನೀರಾಗಿರಲಿಲ್ಲ.

ಬಾಗಿಲಭವನದ ನಡುಬಾಗಿಲು ಸಾಮಾನ್ಯ ದಿನಗಳಲ್ಲಿ ಮುಚ್ಚಿರುತ್ತದೆ, ಇಲ್ಲವೇ ಅದರ ಹಿಂದೆ ಮರದ ತೆರೆಯೊಂದು ಅಡ್ಡ ನಿಂತಿರುತ್ತದೆ. ಜನ ಪಕ್ಕದಿಂದ ಹಾಯುತ್ತಾರೆ. ಮಹಾವಿಧಿಗಳ ದಿನ ಮಾತ್ರ ನಡುದಾರಿ ತೆರೆಯುತ್ತದೆ. ಹೊಸ್ತಿಲು ಎತ್ತರ, ಕಾಲೆತ್ತಿ ದಾಟದೆ ಒಳಗೆ ಹೋಗುವಂತಿಲ್ಲ. ಬಾಗಿಲ ಎರಡು ಬದಿಗೆ ನಗಾರಿಯಾಕಾರದ ಕಲ್ಲುಗಳು. ಇವೆಲ್ಲವೂ ಶರೀರಕ್ಕೆ ಕಲಿಸುವ ಪಾಠಗಳು: ಎಲ್ಲಿ ನಿಲ್ಲಬೇಕು, ಎಲ್ಲಿ ಬಾಗಬೇಕು, ಯಾರ ಹಿಂದೆ ನಡೆಯಬೇಕು ಎಂಬುದನ್ನು ಓದುಬರಹ ಬಾರದವನಿಗೂ ಕಟ್ಟಡ ತಿಳಿಸಿಕೊಡುತ್ತದೆ.

ಹಿಂಬದಿಯ ಭವನದಲ್ಲಿ ಫಲಕಗಳ ಜೋಡಣೆಗೂ ಶಾಸ್ತ್ರವಿದೆ. ಮೂಲಪುರುಷ ನಡುವೆ, ಅನಂತರದ ತಲೆಮಾರುಗಳು ಒಂದು ಎಡಕ್ಕೆ, ಮತ್ತೊಂದು ಬಲಕ್ಕೆ ಎಂಬಂತೆ ಪರ್ಯಾಯವಾಗಿ ಕೂರಬೇಕೆಂಬುದು ಪ್ರಾಚೀನ ನಿಯಮ. ಹೊಸ ಫಲಕ ಸಿದ್ಧವಾದಾಗ ಅದರ ಮೇಲಿನ ‘ಝು’ (ಫಲಕದ ಅಧಿಷ್ಠಾತೃವೆಂಬ ಅರ್ಥದ ಪದ) ಎಂಬ ಲಿಪಿಯ ಮೇಲ್ತುದಿಯ ಚುಕ್ಕೆಯನ್ನು ಬಿಟ್ಟು ಬರೆಯುತ್ತಾರೆ. ಚುಕ್ಕೆಯಿಲ್ಲದಾಗ ಅದು ‘ರಾಜ’ ಎಂದು ಓದಿಸಿಕೊಳ್ಳುವ ಬೇರೆಯೇ ಲಿಪಿ. ಗೌರವಾನ್ವಿತ ವಿದ್ವಾಂಸನೋ ಅಧಿಕಾರಿಯೋ ಕೆಂಪು ಶಾಯಿಯಿಂದ ಆ ಚುಕ್ಕೆಯನ್ನಿಟ್ಟ ಮೇಲೆಯೇ ಮರದ ತುಂಡು ಪೂರ್ವಜನಾಗುತ್ತದೆ. ಅಕ್ಷರವನ್ನು ಪೂರ್ಣಗೊಳಿಸುವುದೇ ಇಲ್ಲಿ ಪ್ರಾಣಪ್ರತಿಷ್ಠೆ. ಭವನದ ಇಡೀ ವಾಸ್ತು, ಅಷ್ಟೆಲ್ಲ ಕಂಬ ತೊಲೆಗಳು, ಆ ಒಂದು ಚುಕ್ಕೆಯ ಸುತ್ತ ಕಟ್ಟಿದ ಆವರಣವೆಂದರೆ ತಪ್ಪಾಗಲಾರದು. ಸಾಹಿತ್ಯದ ವಿದ್ಯಾರ್ಥಿಗೆ ಈ ಕಟ್ಟಡ ತನ್ನ ವಿಷಯವೇ ಎನಿಸಬೇಕಾದದ್ದು ಈ ಕಾರಣದಿಂದ.

ಭೂಮಿ, ಹಣ, ವಂಶ

ವಂಶಭವನ ಶ್ರದ್ಧೆಯೊಂದರ ಮೇಲೆ ನಿಂತಿರಲಿಲ್ಲ. ಝು ಶಿಯ ವಿಧಿಯಲ್ಲಿಯೇ ಗೂಡುಗಳ ವೆಚ್ಚಕ್ಕಾಗಿ ಹೊಲಗದ್ದೆಗಳ ಇಪ್ಪತ್ತನೆಯ ಒಂದು ಪಾಲನ್ನು ಮೀಸಲಿಡಬೇಕೆಂಬ ಮಾತಿದೆ. ಮುಂದೆ ದಕ್ಷಿಣ ಚೀನಾದಲ್ಲಿ ಇಂಥ ಅರ್ಪಣಭೂಮಿ ಬೆಳೆದು, ವಂಶಗಳೇ ದೊಡ್ಡ ಭೂಮಾಲೀಕ ಸಂಸ್ಥೆಗಳಾದವು. ಮಾರಿಸ್ ಫ್ರೀಡ್‌ಮನ್ 1958ರಲ್ಲಿ ಪ್ರಕಟಿಸಿದ, ಆಗ್ನೇಯ ಚೀನಾದ ವಂಶಸಂಘಟನೆಯನ್ನು ಕುರಿತ ಅಧ್ಯಯನ ಈ ಸಾಮೂಹಿಕ ಆಸ್ತಿಯನ್ನೇ ವಂಶದ ಬೆನ್ನೆಲುಬೆಂದು ಗುರುತಿಸಿತು. ಡೇವಿಡ್ ಫಾರ್ ಅವರಂಥ ಇತಿಹಾಸಕಾರರು ಅನಂತರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಳ್ಳಿಗರು ರಾಜ್ಯದ ಭಾಷೆಯನ್ನು ಕಲಿತು ತಮ್ಮದಾಗಿಸಿಕೊಂಡ ಬಗೆಯಾಗಿ ವಂಶಭವನವನ್ನು ವಿವರಿಸಿದರು. ಅರ್ಪಣೆ ಮುಗಿದ ಮೇಲೆ ವಂಶದ ಗಂಡಸರಿಗೆ ಹಂದಿಮಾಂಸದ ಪಾಲು ಸಿಗುತ್ತಿತ್ತು. ಆ ಪಾಲು ಕೇವಲ ಪ್ರಸಾದವಲ್ಲ, ಸದಸ್ಯತ್ವದ ರಸೀದಿ. ಪಾಲು ನಿಲ್ಲಿಸುವುದೆಂದರೆ ವಂಶದಿಂದ ಹೊರಹಾಕುವುದೆಂದೇ ಅರ್ಥ.

ಗುವಾಂಗ್‌ಝೋ ನಗರದ ಚೆನ್ ವಂಶಭವನ ಈ ಆರ್ಥಿಕ ಮುಖವನ್ನು ಎದ್ದುಕಾಣುವಂತೆ ತೋರಿಸುತ್ತದೆ. 1888ರಲ್ಲಿ ಯೋಜನೆಗೊಂಡು 1894ರ ವೇಳೆಗೆ ಮುಗಿದ ಈ ಭವನಕ್ಕೆ ಗುವಾಂಗ್‌ಡಾಂಗ್‌ನ 72 ಕೌಂಟಿಗಳ ಚೆನ್ ಮನೆತನಗಳು ಹಣ ಕೂಡಿಸಿದುವೆಂದು ಪ್ರಸಿದ್ಧಿ. ಒಂಬತ್ತು ಭವನ, ಆರು ಅಂಗಳ, ಒಟ್ಟು 19 ಕಟ್ಟಡಗಳು, ಸುಮಾರು 15,000 ಚದರ ಮೀಟರ್ ವಿಸ್ತಾರ. ಮಾಡಿನ ಏಣುಗಳ ಮೇಲೆ ಕುಂಬಾರಿಕೆಯ ಬಣ್ಣಬಣ್ಣದ ಬೊಂಬೆಸಾಲು. ಕೆಳಗೆ ಮರ, ಕಲ್ಲು, ಇಟ್ಟಿಗೆ, ಗಾರೆ, ಎರಕದ ಕಬ್ಬಿಣ. ಆದರೆ ಇಷ್ಟು ವಿಸ್ತಾರದ ಪ್ರದೇಶದ ಚೆನ್‌ಗಳೆಲ್ಲ ರಕ್ತಸಂಬಂಧಿಗಳೆಂದು ತೋರಿಸುವುದು ಸಾಧ್ಯವಿರಲಿಲ್ಲ. ಇಲ್ಲಿ ಅಡ್ಡಹೆಸರೇ ರಕ್ತದ ಸ್ಥಾನವನ್ನು ವಹಿಸಿತು, ವಂತಿಗೆಯೇ ವಂಶಾವಳಿಯಾಯಿತು. ಇದರ ಅಧಿಕೃತ ಹೆಸರು ‘ಚೆನ್ ವಿದ್ಯಾಲಯ’. ನಗರಗಳಲ್ಲಿ ಇಂಥ ಕೂಡುವಂಶಗಳ ಭವನಗಳನ್ನು ಆಡಳಿತ ಸಂಶಯದಿಂದ ನೋಡುತ್ತಿದ್ದುದರಿಂದ ವಿದ್ಯಾಲಯವೆಂಬ ಹೆಸರು ಸುರಕ್ಷಿತವಾಗಿತ್ತೆಂದು ವಿದ್ವಾಂಸರು ವಿವರಿಸುತ್ತಾರೆ. ಹಾಗೆಂದು ಹೆಸರು ಪೂರ್ತಿ ಸುಳ್ಳೂ ಅಲ್ಲ: ರಾಜಪರೀಕ್ಷೆಗೆ ಬರುವ ವಂಶದ ಹುಡುಗರು ಇಲ್ಲಿ ತಂಗುತ್ತಿದ್ದರು. 1905ರಲ್ಲಿ ಪರೀಕ್ಷಾಪದ್ಧತಿಯೇ ರದ್ದಾಯಿತು. ಕಟ್ಟಡ ಮುಗಿದು ಹತ್ತು ಹನ್ನೊಂದು ವರ್ಷಗಳಲ್ಲಿಯೇ ಅದರ ಉದ್ದೇಶಗಳಲ್ಲೊಂದು ಇಲ್ಲವಾಯಿತು.

ಪರೀಕ್ಷೆ ಮತ್ತು ಭವನಗಳ ನಂಟು ಕಲ್ಲಿನಲ್ಲಿಯೂ ಉಳಿದಿದೆ. ದಕ್ಷಿಣದ ಅನೇಕ ಭವನಗಳ ಮುಂದೆ, ಉತ್ತೀರ್ಣರಾದವರ ಗೌರವಾರ್ಥ ನೆಟ್ಟ ಧ್ವಜಸ್ತಂಭಗಳ ಕಲ್ಲಿನ ಬುಡಗಳಿವೆ. ಪಿಂಗ್ ಶಾನ್‌ನ ತಾಂಗ್ ಭವನದ ಮುಂದಿನ ಅಂಗಳದಲ್ಲಿ ಕೆಂಪು ಮರಳುಗಲ್ಲಿನ ಎತ್ತರಿಸಿದ ದಾರಿಯಿದೆ. ವಂಶದಲ್ಲೊಬ್ಬರು ಸಾಮ್ರಾಜ್ಯದ ಉನ್ನತ ಪದವಿಗೇರಿದ್ದರೆಂಬುದರ ಗುರುತು ಅದು. ತಿಳಿಯದವನಿಗೆ ಅದು ಕಾಲುದಾರಿ, ತಿಳಿದವನಿಗೆ ಶಾಸನ.

ಬರೆಯದ ಹೆಸರುಗಳು

ಇಲ್ಲಿಯವರೆಗಿನ ಓದು ಭವನವನ್ನು ಹೊಗಳುವ ಓದಾಗಿ ಕಾಣಬಹುದು. ಅಲ್ಲಿಗೇ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಫಲಕದ ಸಾಲಿನಲ್ಲಿ ಸ್ತ್ರೀ ಸೇರುತ್ತಿದ್ದುದು ಪತ್ನಿಯಾಗಿ, ಗಂಡನ ಜೊತೆಯಲ್ಲಿ. ಮಗಳು ಮದುವೆಯಾಗಿ ಹೋದರೆ ಬೇರೆ ವಂಶದ ಫಲಕ. ಮದುವೆಯಾಗದೆ ಸತ್ತರೆ ತವರಿನ ಭವನದಲ್ಲಿ ಅವಳಿಗೆ ಎಡೆಯಿಲ್ಲ. ವಂಶಭವನದ ಮಹಾವಿಧಿಗಳಲ್ಲಿ ಸ್ತ್ರೀಯರಿಗೆ ಸಾಮಾನ್ಯವಾಗಿ ಪ್ರವೇಶವಿರಲಿಲ್ಲ.

ಇದನ್ನು ‘ಸಂಪ್ರದಾಯ’ವೆಂಬ ಒಂದೇ ಮಾತಿನಲ್ಲಿ ಮುಗಿಸುವವರು ಝು ಶಿಯ ಗ್ರಂಥವನ್ನು ಮತ್ತೊಮ್ಮೆ ತೆರೆಯಬೇಕು. ಆ ವಿಧಿಯಲ್ಲಿ ಮನೆಯ ಗೃಹಿಣಿಗೆ ನಿಶ್ಚಿತ ಸ್ಥಾನವಿದೆ. ಗಂಡಸರು ಪೂರ್ವದಲ್ಲಿ, ಹೆಂಗಸರು ಪಶ್ಚಿಮದಲ್ಲಿ ನಿಲ್ಲುತ್ತಾರೆ. ಪೂರ್ವಜಸ್ತ್ರೀಯರ ಫಲಕಗಳನ್ನು ಹೊರತೆಗೆಯುವವಳು ಗೃಹಿಣಿಯೇ. ಅಂದರೆ ಮನೆಯ ಭವನದಲ್ಲಿ ಸ್ತ್ರೀಗೆ ನಿಲ್ಲಲು ನೆಲವಿತ್ತು. ಸ್ಮೃತಿ ಮನೆಯಿಂದ ಬೀದಿಗೆ ಬಂದು, ಭೂಮಿ ಹಣ ಪದವಿಗಳ ಸಂಸ್ಥೆಯಾಗಿ ಬೆಳೆದಾಗ ಆ ನೆಲ ಕಳೆದುಹೋಯಿತು. ಬಹಿಷ್ಕಾರ ಮೂಲಗ್ರಂಥಕ್ಕಿಂತ ಹೆಚ್ಚಾಗಿ ಆಸ್ತಿಯ ಜೊತೆಗೆ ಬಂದದ್ದು. ವಾಸ್ತುವಿನ ಇತಿಹಾಸವನ್ನು ಕಾಲಕ್ರಮದಲ್ಲಿ ಓದಿದಾಗ ಮಾತ್ರ ಕೈಗೆ ಸಿಗುವ ತಿಳಿವಳಿಕೆ ಇದು.

ಇದಕ್ಕೆ ಅಪವಾದಗಳೂ ಇವೆ. ಅವು ನಿಯಮವನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತವೆ. ಚೆಂಗ್‌ಕಾನ್‌ನ ಲುವೊ ಭವನದ ಒಂದು ಪಕ್ಕದಲ್ಲಿ ಸ್ತ್ರೀಯರಿಗಾಗಿ ಸಣ್ಣ ಭವನವೊಂದನ್ನು ಸೇರಿಸಲಾಗಿದೆ. ಅದೇ ಸೀಮೆಯ ತಾಂಗ್‌ಯುವೆ ಗ್ರಾಮದಲ್ಲಿ ಬಾವೊ ವಂಶದವರು ಹತ್ತೊಂಬತ್ತನೆಯ ಶತಮಾನದ ಆರಂಭದ ಜಿಯಾಚಿಂಗ್ ಚಕ್ರವರ್ತಿಯ ಕಾಲದಲ್ಲಿ ಸ್ತ್ರೀಯರ ಫಲಕಗಳಿಗೆಂದೇ ‘ಚಿಂಗ್‌ಯಿ ಥಾಂಗ್’ ಎಂಬ ಪ್ರತ್ಯೇಕ ಭವನವನ್ನು ಕಟ್ಟಿದರು. ಪುರುಷರ ಭವನ ದಕ್ಷಿಣಾಭಿಮುಖ, ಇದು ಉತ್ತರಾಭಿಮುಖ. ಚೀನೀ ವಾಸ್ತುವಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೂರುವುದು ಒಡೆಯನ ಸ್ಥಾನ. ಗೌರವ ಸಂದದ್ದು ನಿಜ. ಅದು ಯಾವ ದಿಕ್ಕಿಗೆ ಮುಖ ಮಾಡಿ ಸಂದಿತು ಎಂಬುದೂ ಅಷ್ಟೇ ನಿಜ. ಊರಿನ ಮುಂದೆ ಸಾಲಾಗಿ ನಿಂತ ಏಳು ಕಲ್ಲಿನ ತೋರಣಗಳಲ್ಲಿ ಪಾತಿವ್ರತ್ಯಕ್ಕೆ ಸಂದವೂ ಇವೆ. ಗಂಡನನ್ನು ಕಳೆದುಕೊಂಡು ಬಾಳು ಸವೆಸಿದವರ ಮೌನ ಆ ಕಲ್ಲುಗಳ ಬೆಲೆ.

ಈ ಮೌನ ಒಡೆದ ಗಳಿಗೆಯೂ ದಾಖಲಾಗಿದೆ. ಮಾವೊ 1927ರಲ್ಲಿ ಬರೆದ ಹುನಾನ್ ರೈತ ಚಳವಳಿಯ ವರದಿಯಲ್ಲಿ ವಂಶಭವನದ ಅಧಿಕಾರವನ್ನು ಜನರನ್ನು ಬಿಗಿದ ನಾಲ್ಕು ಹಗ್ಗಗಳಲ್ಲಿ ಒಂದೆಂದು ಹೆಸರಿಸಿದ್ದಾನೆ. ಹೆಂಗ್‌ಶಾನ್ ಕೌಂಟಿಯ ಒಂದು ಊರಿನಲ್ಲಿ ಹೆಂಗಸರು ಗುಂಪಾಗಿ ವಂಶಭವನಕ್ಕೆ ನುಗ್ಗಿ, ಪಂಕ್ತಿಯಲ್ಲಿ ಕುಳಿತು ಉಂಡದ್ದನ್ನು ಅಲ್ಲಿಯೇ ವರ್ಣಿಸಿದ್ದಾನೆ. ಹಿರಿಯರು ಅವರನ್ನು ತಡೆಯಲಾಗದೆ ಸುಮ್ಮನಾದರಂತೆ. ಶತಮಾನಗಳ ಹೊಸ್ತಿಲೊಂದನ್ನು ದಾಟಿದ್ದು ಊಟದ ಎಲೆಗಾಗಿ ಎಂಬುದು ಸಣ್ಣ ಸಂಗತಿಯಲ್ಲ. ಪಾಲು ಸಿಗುವುದೇ ಸದಸ್ಯತ್ವವಾಗಿದ್ದ ವ್ಯವಸ್ಥೆಯಲ್ಲಿ ಉಣ್ಣುವುದೇ ಬಂಡಾಯ.

ಚೆನ್ ಝೊಂಗ್‌ಶಿಯ ‘ಶ್ವೇತಜಿಂಕೆಯ ಬಯಲು’ (1993) ಕಾದಂಬರಿಯಲ್ಲಿ ವಂಶಭವನ ಒಂದು ಪಾತ್ರವೆಂಬಷ್ಟು ಮುಖ್ಯ. ಶಾನ್‌ಶಿಯ ಹಳ್ಳಿಯೊಂದರ ವಂಶಮುಖ್ಯಸ್ಥನು ಹೈವಾ ಎಂಬ ಯುವಕನು ಕರೆತಂದ ಹೆಣ್ಣು ಶಿಯಾವೊ ಅಳಿಗೆ ಭವನದ ಪ್ರವೇಶವನ್ನು ನಿರಾಕರಿಸುತ್ತಾನೆ. ಆ ನಿರಾಕರಣೆಯಿಂದ ಅವರ ಮದುವೆಯೇ ಊರಿನ ಕಣ್ಣಿಗೆ ಇಲ್ಲವಾಗುತ್ತದೆ. ಮುಂದೆ ಕ್ರಾಂತಿಯ ಅಲೆಯಲ್ಲಿ ಅದೇ ಯುವಕ ಭವನವನ್ನು ಧ್ವಂಸಮಾಡುತ್ತಾನೆ. ಮುಖ್ಯಸ್ಥ ಒಡೆದ ಶಿಲಾಶಾಸನದ ಚೂರುಗಳನ್ನು ಕೂಡಿಸಿ ಮತ್ತೆ ನಿಲ್ಲಿಸುತ್ತಾನೆ. ಒಡೆದವನ ಸಿಟ್ಟಿಗೂ ಜೋಡಿಸಿದವನ ನಿಷ್ಠೆಗೂ ಕಾದಂಬರಿಕಾರ ಸಮಾನ ತೂಕ ಕೊಟ್ಟಿದ್ದಾನೆ. ವಂಶಭವನವನ್ನು ಕುರಿತು ಬರೆಯುವ ಸಂಶೋಧಕನಿಗೂ ಬೇಕಾದದ್ದು ಈ ತೂಕವೇ.

ಉಳಿದದ್ದು ಯಾವುದು?

1950ರ ಭೂಸುಧಾರಣಾ ಕಾನೂನು ಗ್ರಾಮಾಂತರದಲ್ಲಿದ್ದ ವಂಶಭವನಗಳ ಭೂಮಿಯನ್ನು ಸ್ವಾಧೀನಪಡಿಸಿಕೊಂಡಿತು. ಭವನದ ಬೇರು ಕಡಿದದ್ದು ಆಗ. ಅನಂತರ ಅನೇಕ ಭವನಗಳು ಶಾಲೆಗಳಾದವು, ಕಣಜಗಳಾದವು, ಕಾರ್ಖಾನೆಗಳಾದವು. 1966ರ ಬಳಿಕ ‘ನಾಲ್ಕು ಹಳತು’ಗಳ ಮೇಲಿನ ದಾಳಿಯಲ್ಲಿ ಫಲಕಗಳು, ವಂಶಾವಳಿಗಳು ಅಪಾರ ಸಂಖ್ಯೆಯಲ್ಲಿ ನಾಶವಾದವು. 1980ರ ದಶಕದಿಂದ ವಂಶಾವಳಿಗಳ ಮರುರಚನೆ, ಭವನಗಳ ಜೀರ್ಣೋದ್ಧಾರ ಮತ್ತೆ ಆರಂಭವಾಗಿವೆ. ಚೆನ್ ಭವನ 1959ರಿಂದಲೇ ಗುವಾಂಗ್‌ಡಾಂಗ್‌ನ ಜಾನಪದ ಕಲೆಗಳ ವಸ್ತುಸಂಗ್ರಹಾಲಯ. ಹುಯಿಝೋ ಸೀಮೆಯ ಶಿದಿ ಮತ್ತು ಹೊಂಗ್‌ಚುನ್ ಗ್ರಾಮಗಳು 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ.

ಈ ಹೊಸ ಕಾಲದಲ್ಲಿ ಭವನಗಳನ್ನು ಕುರಿತು ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಊಳಿಗಮಾನ್ಯ ದಬ್ಬಾಳಿಕೆಯ ಅವಶೇಷ ಇದು, ಕೆತ್ತನೆಯಷ್ಟೇ ಸಾಕು ಎಂಬುದು ಒಂದು. ಕುಟುಂಬಮೌಲ್ಯಗಳ ಪವಿತ್ರ ನೆಲೆ ಇದು, ಹಳೆಯ ಗಾಯಗಳ ಮಾತು ಬೇಡ ಎಂಬುದು ಇನ್ನೊಂದು. ಎರಡೂ ಮೇಲ್ನೋಟಕ್ಕೆ ವಿರುದ್ಧ, ಫಲದಲ್ಲಿ ಒಂದೇ. ಮೊದಲನೆಯದು ಫಲಕದ ಹೆಸರುಗಳನ್ನು ಅಳಿಸುತ್ತದೆ, ಎರಡನೆಯದು ಫಲಕಕ್ಕೆ ಬಾರದ ಹೆಸರುಗಳನ್ನು ಅಳಿಸುತ್ತದೆ. ಎರಡರ ಪರಿಣಾಮವಾಗಿಯೂ ಪ್ರವಾಸಿಯ ಮುಂದೆ ನಿಲ್ಲುವುದು ಒಂದು ಸುಂದರವಾದ ತೊಲೆ.

ಜೀರ್ಣೋದ್ಧಾರ ಮಾಡುವವರ ಕಷ್ಟವನ್ನು ಕಡೆಗಣಿಸಬೇಕಾಗಿಲ್ಲ. ನಾಶವಾದ ಫಲಕಗಳನ್ನು ಮರಳಿ ತರುವಂತಿಲ್ಲ. ಸುಳ್ಳು ಫಲಕಗಳನ್ನು ಇಡುವುದು ಇನ್ನೂ ದೊಡ್ಡ ಅಪಚಾರ. ಆದರೆ ಖಾಲಿ ಗೂಡು ಖಾಲಿಯೆಂದು ಹೇಳಬಹುದು. ಅದು ಏಕೆ ಖಾಲಿಯಾಯಿತೆಂದು ಬರೆಯಬಹುದು. ಯಾವ ಭೂಮಿಯ ಗೇಣಿಯಿಂದ ಈ ಕಂಬ ನಿಂತಿತು, ಯಾರು ವಂತಿಗೆ ಕೊಟ್ಟು ಒಳಗೆ ಬಂದರು, ಯಾರು ಹೊಸ್ತಿಲ ಹೊರಗೆ ನಿಂತರು ಎಂಬುದನ್ನು ಕೆತ್ತನೆಯ ವಿವರಣೆಯ ಪಕ್ಕದಲ್ಲಿಯೇ ಇರಿಸಬಹುದು. ವಂಶಾವಳಿ, ಭೂಪತ್ರ, ಕಲ್ಬರಹಗಳು ಉಳಿದಿರುವಲ್ಲಿ ಅವನ್ನು ಕಟ್ಟಡದಿಂದ ಬೇರ್ಪಡಿಸದೆ ಸಂಪಾದಿಸಿ ಪ್ರಕಟಿಸುವುದು ಮರದ ಹುಳುವಿಗೆ ಮದ್ದು ಹಾಕುವಷ್ಟೇ ತುರ್ತಿನ ಕೆಲಸ.

ಇದು ಅಸಾಧ್ಯವಾದ ಆದರ್ಶವೇನೂ ಅಲ್ಲ. ಮಲೇಷ್ಯಾದ ಪೆನಾಂಗ್‌ನಲ್ಲಿ ಫುಜಿಯಾನ್‌ನಿಂದ ವಲಸೆ ಬಂದ ಖೂ ವಂಶದವರ ಭವನವಿದೆ. ಹಿಂದಿನ ಕಟ್ಟಡ ಬೆಂಕಿಗೆ ಆಹುತಿಯಾದ ಬಳಿಕ ಮತ್ತೆ ಕಟ್ಟಿ 1906ರಲ್ಲಿ ಪೂರೈಸಿದ್ದು. ಅರಮನೆಯನ್ನು ಹೋಲುವಷ್ಟು ಆಡಂಬರ ದೇವತೆಗಳಿಗೆ ಸಹಿಸಲಿಲ್ಲವೆಂದು ಐತಿಹ್ಯ. ಅಂಕಣಗಳ ಮೇಲಿನ ಮಿಂಗ್ ಕಟ್ಟಳೆಯ ನೆನಪು ಸಮುದ್ರ ದಾಟಿಯೂ ಉಳಿದಂತಿದೆ. ಪರದೇಶದ ಬಾಳಿನಲ್ಲಿ ಈ ಭವನ ಬದಲಾಗಿದೆ: ನಡುಭವನದಲ್ಲಿ ರಕ್ಷಕದೇವತೆಗಳು, ಪಕ್ಕದ ಭವನದಲ್ಲಿ ಫಲಕಗಳು, ಬಾಗಿಲಲ್ಲಿ ಸಿಖ್ ಕಾವಲುಗಾರನ ಕಲ್ಲಿನ ಪ್ರತಿಮೆ. ಭಾರತದ ಒಬ್ಬ ವಲಸಿಗ ಚೀನೀ ವಲಸಿಗರ ಪೂರ್ವಜರನ್ನು ಕಲ್ಲಾಗಿ ಕಾಯುತ್ತಿದ್ದಾನೆ. ಒಳಗಿನ ಗೋಡೆಗಳಲ್ಲಿ ವಂಶದ ವಿದ್ಯಾವಂತರ ಹೆಸರು ಮತ್ತು ಪದವಿಗಳನ್ನು ಬರೆದ ಫಲಕಗಳಿವೆ. ಈಚಿನ ದಿನಗಳಲ್ಲಿ ಅಲ್ಲಿ ಗಂಡುಮಕ್ಕಳೊಂದಿಗೆ ಹೆಣ್ಣುಮಕ್ಕಳ ಹೆಸರುಗಳೂ ಸೇರಿವೆ. ಧ್ವಜಸ್ತಂಭದ ಕಲ್ಲು ಹೊಸ ರೂಪದಲ್ಲಿ ಮುಂದುವರಿದಿದೆ. ಹಳೆಯ ಹೊಸ್ತಿಲು ಸ್ವಲ್ಪ ತಗ್ಗಿದೆ. ಜೀವಂತ ಭವನವೆಂದರೆ ಅಕ್ಷರ ಸೇರಿಸಲು ಗೋಡೆಯಲ್ಲಿ ಇನ್ನೂ ಜಾಗವಿರುವ ಭವನ.

ಬೆಂಕಿ ಬಿದ್ದಾಗ ಫಲಕವನ್ನೂ ಬರಹವನ್ನೂ ಮೊದಲು ಹೊರತರಬೇಕೆಂದು ಝು ಶಿಯ ವಿಧಿ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಬೆಂಕಿಯಲ್ಲಿ ಆದದ್ದು ಅದಕ್ಕೆ ವಿರುದ್ಧ. ಉಳಿದ ಮರವನ್ನು ಮೆಚ್ಚುವುದರಲ್ಲಿ ತಪ್ಪಿಲ್ಲ. ಆದರೆ ಆ ಮರ ಯಾವ ಹೆಸರುಗಳಿಗಾಗಿ ನಿಂತಿತ್ತು ಎಂಬುದನ್ನೂ, ಯಾವ ಹೆಸರುಗಳನ್ನು ಹೊರಗಿಟ್ಟು ನಿಂತಿತ್ತು ಎಂಬುದನ್ನೂ ಬರೆದಿಡುವ ಕೆಲಸ ಬಡಗಿಯದಲ್ಲ. ಅದು ಅಕ್ಷರವನ್ನು ನಂಬಿದವರದು.